ಬಡಾವಣೆ ಬಳಗ: ಶಾಲೆಯ ಛಾವಣಿ, ತುರ್ತು

ಮನೆ 41, ಬೆಳಿಗ್ಗೆ 6:10
ರಾತ್ರಿಯಿಡೀ ಕಣ್ಣು ಮುಚ್ಚಲಿಲ್ಲ. ಮಳೆ ನಿಂತೊಡನೆ ಟಾರ್ಚ್ ಹಿಡಿದು ಶಾಲೆಗೆ ಹೋಗಿ ಬಂದೆ. ಮೊನ್ನೆ ಹೊದಿಸಿದ ಟಾರ್ಪಾಲು ಹಾರಿ ಬೇವಿನ ಮರಕ್ಕೆ ಸಿಕ್ಕಿಕೊಂಡಿದೆ. ನಲಿ-ಕಲಿ ಕಾರ್ಡುಗಳು ಒಂದಕ್ಕೊಂದು ಅಂಟಿಕೊಂಡಿವೆ. ಬಿಸಿಯೂಟದ ಅಕ್ಕಿ ಮೂಟೆ ಅಡಿಯಿಂದ ನೆನೆದಿದೆ. ಹತ್ತಿರದಲ್ಲಿ ಸರ್ಕಾರಿ ಶಾಲೆ ಇದೆ ಎಂದೇ ನನ್ನ ಮಗಳಿಗೆ ಖಾಸಗಿ ಶಾಲೆಯಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) ಉಚಿತ ಸೀಟು ತಪ್ಪಿತು. ಅವರು ‘ಇದೆ’ ಎಂದ ಶಾಲೆ ಇದು! ಕೋರ್ಟಿಗೆ ಹೋಗೋಣ. ಯಾರು ಬರುತ್ತೀರಿ?

ಮನೆ 7
ನಾನು ಆಗಲೇ ಹೇಳಿದ್ದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸೀಟಿನ ನಿಯಮವನ್ನು 2019ರಲ್ಲೇ ಹೈಕೋರ್ಟ್ ಎತ್ತಿಹಿಡಿದಿದೆ. ಛಾವಣಿಯ ಮಾತು ಬೇರೆ. ಮಳೆ ಬಿಸಿಲು ತಡೆಯುವ ಕಟ್ಟಡವಿರಬೇಕೆಂದು ಕಾಯ್ದೆಯ ಅನುಸೂಚಿಯಲ್ಲೇ ಇದೆ. ಕುಂಭಕೋಣದ ಶಾಲೆಯ ಬೆಂಕಿಯಲ್ಲಿ 94 ಮಕ್ಕಳು ಸತ್ತರಲ್ಲ, ಆಮೇಲೆ 2009ರಲ್ಲಿ ಸುಪ್ರೀಂ ಕೋರ್ಟ್ ಸುರಕ್ಷಿತ ಶಾಲೆಯೂ ಶಿಕ್ಷಣದ ಹಕ್ಕಿಗೆ ಸೇರಿದ್ದು ಎಂದಿತು. ಅರ್ಜಿ ನಾನೇ ಬರೆಯುತ್ತೇನೆ. ಯಾರೂ ತಿದ್ದಬಾರದು.

ಮನೆ 19
ಶುಭೋದಯ. ಖಾಲಿ ಹೊಟ್ಟೆಗೆ ಜೀರಿಗೆ ನೀರು ಕುಡಿದರೆ ಏಳು ಲಾಭ. ಹತ್ತು ಜನರಿಗೆ ಕಳುಹಿಸಿ.

ಮನೆ 12
ಮಕ್ಕಳಿಗೆ ಈಜು ತರಗತಿ ಉಚಿತ 😀

ಮನೆ 41
ನಗುವ ವಿಷಯವಲ್ಲ ಅಣ್ಣ.

ಮನೆ 23
ಸರ್ಕಾರವನ್ನು ಬೈಯುವ ಮೊದಲು ಹೇಳಿ, ನಮ್ಮಲ್ಲಿ ಎಷ್ಟು ಮಂದಿ ಮಕ್ಕಳನ್ನು ಅಲ್ಲಿಗೆ ಕಳುಹಿಸುತ್ತೇವೆ? ಹಳದಿ ಬಸ್ ಗೇಟಿಗೇ ಬರುತ್ತದೆ.

ಮನೆ 7
ನನ್ನ ಮೊಮ್ಮಕ್ಕಳ ಮಾತು ಎತ್ತಬೇಡಿ.

ಮನೆ 23
ನಾನು ಬಸ್ಸು ಎಂದೆ ರಾಯರೇ, ಮೊಮ್ಮಕ್ಕಳು ಎನ್ನಲಿಲ್ಲ.

ಮನೆ 30
ಅಕ್ಕ, ಮೊದಲು ಶಾಲಾಭಿವೃದ್ಧಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಠರಾವು ಮಾಡೋಣ. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕೆಂದು ಕಾಯ್ದೆ ಹೇಳುತ್ತದೆ, ನಮ್ಮ ಸಭೆಗೆ ಬರುವವರು ನಾಲ್ಕೇ ಜನ. ಠರಾವು, ಫೋಟೊ ಕೊಟ್ಟು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಿಂದ ಸ್ವೀಕೃತಿ ಪಡೆದರೆ ಕೋರ್ಟಿನಲ್ಲೂ ಬಲ ಬರುತ್ತದೆ.

ಮನೆ 7
ಕಚೇರಿಗೆ ಅಲೆದು ನನ್ನ ಚಪ್ಪಲಿ ಸವೆದಿದೆ. ನೇರ ಹೈಕೋರ್ಟ್. ಇದು ಕೊನೆಯ ಮಾತು.

ಮನೆ 15
ಅಂಗಳದ ನೀರಿಗೆ ಕಾರಣ ಕಟ್ಟಿಕೊಂಡ ಮೋರಿ. 3ನೇ ಅಡ್ಡರಸ್ತೆಯವರು ಮನೆ ಕಟ್ಟುವಾಗ ಮಣ್ಣು ಸುರಿದರು.

ಮನೆ 36
ಎಲ್ಲದಕ್ಕೂ ನಾವೇನಾ? ಎರಡು ಬಾರಿ ನಾವೇ ದುಡ್ಡು ಕೊಟ್ಟು ಹೂಳು ತೆಗೆಸಿದ್ದೇವೆ.

ಮನೆ 15, ಸಂಜೆ 5:40
ಆಯಿತು, ಭಾನುವಾರ ಜೆಸಿಬಿ ತರಿಸೋಣ. ಮನೆಗೆ 300 ರೂಪಾಯಿ. ಕೊಡುವವರು ಹೆಸರು ಹಾಕಿ.

ಮನೆ 36
ನಮ್ಮದು ಬರೆದುಕೊಳ್ಳಿ.

ಮನೆ 41, ರಾತ್ರಿ 9:15
ಮೋರಿಗೆ 17 ಹೆಸರು ಬಂದಿವೆ, ಸಂತೋಷ. ಠರಾವಿಗೆ ಎರಡೇ ಸಹಿ, ಅದರಲ್ಲಿ ಒಂದು ನನ್ನದು. ಕಾರ್ಡುಗಳನ್ನು ಬಿಡಿಸಿ ನಮ್ಮ ಮನೆಯ ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಲು ಬಿಟ್ಟಿದ್ದೇನೆ. ‘ಅ’ದಿಂದ ‘ಎ’ವರೆಗೆ ಓದಲು ಬರುತ್ತದೆ, ಉಳಿದವು ಅಳಿಸಿವೆ. ಠರಾವಿನ ಹಾಳೆ ಮೂಲೆ ಅಂಗಡಿಯಲ್ಲಿ ಇಟ್ಟಿದ್ದೇನೆ.

ಮನೆ 28
ಜೆಸಿಬಿ ಭಾನುವಾರ 10ಕ್ಕೆ ಬರುತ್ತದೆಯಂತೆ. ರಸ್ತೆಯಲ್ಲಿರುವ ಕಾರುಗಳನ್ನು ತೆಗೆಯಿರಿ.