ಜರ್ಮನಿಯ 'ಕುಲ್ಟುಸ್‌ಮಿನಿಸ್ಟರ್'ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಅಡಾಲ್ಫ್ ಗ್ರಿಮೆ (1889–1963) ಅವರ ಬಗ್ಗೆ ಒಂದು ಪರಿಚಯ ಲೇಖನ ಬರೆಯುತ್ತಿದ್ದೇನೆ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಜರ್ಮನಿಯ ಲೋವರ್ ಸ್ಯಾಕ್ಸನಿ ರಾಜ್ಯದ ಮೊದಲ 'ಕುಲ್ಟುಸ್‌ಮಿನಿಸ್ಟರ್' ಆದವರು ಇವರು. ಈ ಹುದ್ದೆಯ ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯಬೇಕು ಅನ್ನುವುದು ನನ್ನ ಮೊದಲ ಪ್ರಶ್ನೆ.

ಸುಮ್ನೆ 'ಶಿಕ್ಷಣ ಸಚಿವ' ಅಂತ ಬರೆದು ಮುಂದೆ ಹೋಗಬಹುದು. ಆದರೆ ಆ ಖಾತೆ ಅದಕ್ಕಿಂತ ದೊಡ್ಡದು. 'ಕುಲ್ಟುಸ್' ಲ್ಯಾಟಿನ್‌ನಿಂದ ಬಂದ ಮಾತು. ಈ ಹೆಸರಿನಲ್ಲಿ ಅದರ ಅರ್ಥ ಪೂಜೆ, ಆರಾಧನೆ. ಅಷ್ಟನ್ನೇ ನೋಡಿದರೆ ನಮ್ಮ ಮುಜರಾಯಿ ಖಾತೆಗೆ ಹತ್ತಿರ. 1817ರಲ್ಲಿ, ಮುಂದೆ ಜರ್ಮನಿಯ ಅತಿ ದೊಡ್ಡ ರಾಜ್ಯವಾದ ಪ್ರಶ್ಯದಲ್ಲಿ, ಈ ಖಾತೆ ಹುಟ್ಟಿದಾಗ ಧರ್ಮ, ಶಿಕ್ಷಣ, ವೈದ್ಯಕೀಯ ಮೂರೂ ಅದರಲ್ಲೇ ಇದ್ದವು. ಶಾಲೆಗಳ ಮೇಲ್ವಿಚಾರಣೆ ಪಾದ್ರಿಗಳ ಕೈಯಲ್ಲಿದ್ದ ಕಾಲ ಅದು. ಚರ್ಚು, ಶಾಲೆ ಎರಡೂ ಒಂದೇ ಕಡೆ ಸೇರಿದ್ದು ಸಹಜ. 1918ರಲ್ಲಿ ಅರಸೊತ್ತಿಗೆ ಹೋಗಿ ಗಣರಾಜ್ಯ ಬಂದಾಗ 'ವಿಜ್ಞಾನ, ಕಲೆ ಮತ್ತು ಜನಶಿಕ್ಷಣ' ಅಂತ ಹೊಸ ಹೆಸರಿಟ್ಟರು. ಜನರ ಬಾಯಲ್ಲಿ ಮಾತ್ರ ಹಳೆಯದೇ ಉಳಿಯಿತು. ಗ್ರಿಮೆ 1930ರಲ್ಲಿ ಪ್ರಶ್ಯದ ಈ ಖಾತೆಗೆ ಬಂದರು. ಮರುವರ್ಷ ಸರ್ಕಾರ ಪ್ರೊಟೆಸ್ಟೆಂಟ್ ಚರ್ಚುಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಆಗ ಈ ಖಾತೆ ಇವರ ಕೈಯಲ್ಲೇ ಇತ್ತು. ಅಂದರೆ ಹೆಸರು ಬದಲಾದ ಮೇಲೂ ಧರ್ಮದ ವಿಷಯ ಖಾತೆಯನ್ನು ಬಿಟ್ಟು ಹೋಗಿರಲಿಲ್ಲ.

'ಸಂಸ್ಕೃತಿ ಸಚಿವ' ಇನ್ನೂ ಜಾಸ್ತಿ ದಾರಿ ತಪ್ಪಿಸುತ್ತದೆ. ನಮ್ಮಲ್ಲಿ ಸಂಸ್ಕೃತಿ ಇಲಾಖೆ ಅಂದರೆ ಜಯಂತಿ, ಉತ್ಸವ, ಕಲಾವಿದರ ಮಾಸಾಶನ ನೆನಪಾಗುತ್ತವೆ. 1946ರಲ್ಲಿ ಗ್ರಿಮೆ ಅವರ ಮುಂದಿದ್ದದ್ದು ಬಾಂಬು ಬಿದ್ದು ಹಾಳಾದ ಶಾಲೆಗಳು. ನಾಜಿ ಕಾಲದ ಪಠ್ಯಪುಸ್ತಕವನ್ನು ಮಕ್ಕಳ ಕೈಗೆ ಕೊಡುವಂತಿರಲಿಲ್ಲ. ಮೇಷ್ಟರುಗಳಲ್ಲಿ ಬಹಳ ಜನ ನಾಜಿ ಪಕ್ಷದಲ್ಲಿದ್ದವರು. ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಮನೆಗೆ ಕಳಿಸಬೇಕು ಅನ್ನುವುದೇ ದೊಡ್ಡ ಪ್ರಶ್ನೆ. ಪೂರ್ವದ ಕಡೆಯಿಂದ ನಿರಾಶ್ರಿತರ ಮಕ್ಕಳು ಬರುತ್ತಲೇ ಇದ್ದರು. ಮೇಲೆ ಬ್ರಿಟಿಷರ ಸೇನಾಡಳಿತ ಬೇರೆ. ಇಂಥ ಕೆಲಸ ಹೊತ್ತವರನ್ನು ಓದುಗರು ಉತ್ಸವ ಉದ್ಘಾಟಿಸುವವರು ಅಂತ ತಿಳಿಯಬಾರದು.

'ಜರ್ಮನಿಯ ಶಿಕ್ಷಣ ಸಚಿವ' ಅನ್ನುವುದೂ ಬೇಡ ಅನಿಸುತ್ತದೆ. ಓದಿದವರು ನಮ್ಮ ದೆಹಲಿಯ ಸಚಿವರ ಹಾಗೆ ಅಂದುಕೊಳ್ಳುತ್ತಾರೆ, ಅಲ್ವಾ? ಪಶ್ಚಿಮ ಜರ್ಮನಿಯಲ್ಲಿ ಶಾಲೆ ರಾಜ್ಯಗಳ ವಿಷಯ. ಕೇಂದ್ರದಲ್ಲಿ ಶಿಕ್ಷಣದ ಹೆಸರಿನ ಸಚಿವಾಲಯ ಬಂದದ್ದೇ 1969ರಲ್ಲಿ.

ನನ್ನ ಮನಸ್ಸು ಹಳೆಯ ಪತ್ರಿಕೆಗಳಲ್ಲಿ ಸಿಗುವ 'ವಿದ್ಯಾಮಂತ್ರಿ' ಕಡೆಗಿದೆ. ಅರವತ್ನಾಲ್ಕು ವಿದ್ಯೆ ಅನ್ನುವ ಭಾಷೆ ನಮ್ಮದು. ಶಾಲೆ, ವಿಶ್ವವಿದ್ಯಾಲಯ, ನಾಟಕ, ಸಂಗೀತ ಎಲ್ಲವೂ ಆ ಒಂದು ಮಾತಿನಲ್ಲಿ ಹಿಡಿಸುತ್ತವೆ. ಧರ್ಮ ಮಾತ್ರ ಹೊರಗೆ ಉಳಿಯುತ್ತದೆ. ಅದನ್ನು ಲೇಖನದಲ್ಲಿ ಒಂದು ವಾಕ್ಯದಲ್ಲಿ ಬಿಡಿಸಿ ಹೇಳಬಹುದು. ಗ್ರಿಮೆ ಅವರಿಗಂತೂ ಈ ಮಾತು ಚೆನ್ನಾಗಿ ಒಪ್ಪುತ್ತದೆ. ಗೋಸ್ಲಾರ್‌ನಲ್ಲಿ ಹುಟ್ಟಿ, ತತ್ವಶಾಸ್ತ್ರ ಓದಿ, ಶಾಲಾ ಮೇಷ್ಟರಾಗಿದ್ದವರು. 1948ರಲ್ಲಿ ಮಂತ್ರಿಗಿರಿ ಬಿಟ್ಟು ಹ್ಯಾಂಬರ್ಗ್‌ನಲ್ಲಿ ವಾಯವ್ಯ ಜರ್ಮನ್ ರೇಡಿಯೋ ಸಂಸ್ಥೆಯ ಮುಖ್ಯಸ್ಥರಾದರು. ಜರ್ಮನಿಯಲ್ಲಿ ಒಳ್ಳೆಯ ಟಿವಿ ಕಾರ್ಯಕ್ರಮಗಳಿಗೆ 1964ರಿಂದ ಕೊಡುತ್ತಿರುವ ಪ್ರಶಸ್ತಿ ಇವರ ಹೆಸರಿನದೇ.

ಎರಡನೇ ಪ್ರಶ್ನೆ ಇನ್ನೂ ಕಷ್ಟದ್ದು. ಗ್ರಿಮೆ ಅವರ ಮೇಲಿನ ತೀರ್ಪಿನಲ್ಲಿ ಬರುವ ಒಂದು ಮಾತಿಗೆ ಕನ್ನಡದಲ್ಲಿ ಏನನ್ನೋಣ ಅನ್ನುವುದು. 1932ರ ಜುಲೈ 20ರಂದು ಕೇಂದ್ರ ಸರ್ಕಾರ ಪ್ರಶ್ಯದ ಸರ್ಕಾರವನ್ನು ಕಿತ್ತುಹಾಕಿತು. ಗ್ರಿಮೆ ಖಾತೆ ಕಳೆದುಕೊಂಡರು. ಹತ್ತು ವರ್ಷದ ಮೇಲೆ, 1942ರಲ್ಲಿ, ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಅವರನ್ನು ಹಿಡಿಯಿತು. ಹಳೆಯ ಗೆಳೆಯ, ಲೇಖಕ ಆಡಮ್ ಕುಕ್‌ಹೋಫ್ ಹಿಟ್ಲರನ ವಿರುದ್ಧ ಕೆಲಸ ಮಾಡುತ್ತಿದ್ದ ಬಳಗದಲ್ಲಿದ್ದರು. ಗೆಸ್ಟಾಪೊ ಆ ಬಳಗವನ್ನು 'ರೋಟೆ ಕಪೆಲ್ಲೆ', ಅಂದರೆ ಕೆಂಪು ವಾದ್ಯವೃಂದ, ಎಂದು ಕರೆಯಿತು. 1943ರಲ್ಲಿ ಕುಕ್‌ಹೋಫ್ ಅವರನ್ನು ಕೊಂದರು. ಗ್ರಿಮೆ ಅವರಿಗೆ ಮೂರು ವರ್ಷ ಕಠಿಣ ಸಜೆ. ಗೊತ್ತಿದ್ದೂ ಪೊಲೀಸರಿಗೆ ತಿಳಿಸಲಿಲ್ಲ ಅನ್ನುವುದು ಆರೋಪ.

ಏನು ಗೊತ್ತಿತ್ತು ಅಂತ? ತೀರ್ಪಿನ ಮಾತು 'ಹೋಖ್‌ಫೆರಾಟ್'. ಒಳಗಿನಿಂದಲೇ ಆಳ್ವಿಕೆಯನ್ನು ಉರುಳಿಸುವ ಯತ್ನ. ಜರ್ಮನ್ನರಲ್ಲಿ ಇನ್ನೊಂದು ಮಾತಿದೆ, 'ಲಾಂಡೆಸ್‌ಫೆರಾಟ್'. ದೇಶದ ಗುಟ್ಟನ್ನು ಹೊರಗಿನವರಿಗೆ ಕೊಡುವುದು. ಯುದ್ಧದ ನಂತರವೂ ಎಷ್ಟೋ ಜನ ಈ ಬಳಗಕ್ಕೆ ಎರಡನೇ ಹಣೆಪಟ್ಟಿಯನ್ನೇ ಅಂಟಿಸಿದರು. 1945ರಲ್ಲಿ ಗ್ರಿಮೆ, ಕುಕ್‌ಹೋಫ್ ಅವರ ಪತ್ನಿ ಗ್ರೇಟಾ, ಲೇಖಕ ಗುಂಟರ್ ವೈಸೆನ್‌ಬೋರ್ನ್ ಸೇರಿ, ಬಳಗದ ಮೇಲೆ ಕೇಸು ನಡೆಸಿದ್ದ ನಾಜಿ ಪ್ರಾಸಿಕ್ಯೂಟರ್ ಮಾನ್‌ಫ್ರೆಡ್ ರೋಡರ್ ಮೇಲೆ ದೂರು ಕೊಟ್ಟರು. ಆ ತನಿಖೆಯನ್ನು ಕೊನೆಗೆ ಕೈಬಿಟ್ಟರು. ನನಗೆ ಇದು ತುಂಬಾ ನೋವಿನ ಸಂಗತಿ. ಸತ್ತವರ ಹೆಸರಿಗೆ ಅಂಟಿದ ಮಾತನ್ನು ಕನ್ನಡದಲ್ಲಿ ನಾನು ಅಜಾಗರೂಕತೆಯಿಂದ ಮತ್ತೆ ಅಂಟಿಸಬಾರದು.

'ಲಾಂಡೆಸ್‌ಫೆರಾಟ್'ಗೆ 'ದೇಶದ್ರೋಹ' ಸರಿಹೋಗುತ್ತದೆ. ಮೊದಲನೆಯದಕ್ಕೆ 'ರಾಜದ್ರೋಹ' ಅನ್ನೋಣ ಎಂದರೆ ಅಲ್ಲಿ ರಾಜನಿಲ್ಲ. ಜೊತೆಗೆ ನಮ್ಮ ಪತ್ರಿಕೆಗಳು ಬರೀ ಮಾತು, ಬರಹಕ್ಕೆ ಹಾಕಿದ ಕೇಸನ್ನೂ ರಾಜದ್ರೋಹ ಎಂದೇ ಬರೆಯುತ್ತವೆ. 'ಪ್ರಭುತ್ವದ್ರೋಹ' ಹೇಗಿರುತ್ತದೆ? ಕೋರ್ಟಿನ ಕನ್ನಡ ಬಲ್ಲವರು ಇಲ್ಲಿದ್ದರೆ, ತೀರ್ಪುಗಳಲ್ಲಿ ಈ ಎರಡನ್ನು ಬೇರೆ ಮಾಡಿ ಬರೆದ ಉದಾಹರಣೆ ಇದ್ದರೆ ದಯವಿಟ್ಟು ತಿಳಿಸಿ.