ಕಾಣಿಕೆ ದುಡ್ಡು ತಿಂದ ಪಾಸ್ಟರ್ ಕೊಟ್ಟ ದೀಕ್ಷಾಸ್ನಾನ (ಬ್ಯಾಪ್ಟಿಸಂ) ನಡೆಯುತ್ತಾ? ಸಭೆಯ ಇತಿಹಾಸದಲ್ಲಿ ಇದಕ್ಕೆ ಉತ್ತರ ಇದೆಯಾ?

ಹಿಂದಿನ_ಬೆಂಚು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಸರ ಮಾಡ್ಕೋಬೇಡಿ.

ನಮ್ಮದು ಮಿಶನ್ ಕಾಲದ ಹಳೇ ಸಭೆ (ಚರ್ಚ್). ಊರು ಬೇಡ ಬಿಡಿ. ಕಳೆದ ವರ್ಷ ಲೆಕ್ಕ ನೋಡುವಾಗ ಕಟ್ಟಡದ ನಿಧಿಯಲ್ಲಿ ದೊಡ್ಡ ತೂತು ಕಂಡಿತು. ಆಗಿದ್ದ ಪಾಸ್ಟರ್ ಕಮಿಟಿ ಮುಂದೆ ಒಪ್ಪಿಕೊಂಡರು. ಆಮೇಲೆ ಏನಾಯ್ತು? ಏನೂ ಇಲ್ಲ. ಬೇರೆ ಊರಿಗೆ ವರ್ಗ ಮಾಡಿಸಿಕೊಂಡು ಹೋದರು.

ಈಗ ನಮ್ಮ ದೊಡ್ಡಮ್ಮ ಕೇಳುತ್ತಿದ್ದಾರೆ: 'ಆ ಮನುಷ್ಯನ ಕೈಯಲ್ಲಿ ನನ್ನ ಮೊಮ್ಮಗಳಿಗೆ ನೀರು ಹಾಕಿಸಿದೆವಲ್ಲಾ, ಅದು ನಡೆಯುತ್ತೇನೋ?' ಸುಮ್ನೆ ಕೇಳ್ತಿಲ್ಲ, ರಾತ್ರಿ ನಿದ್ದೆ ಮಾಡ್ತಿಲ್ಲ. ಮೂರು ತಿಂಗಳಿಂದ ಕರ್ತನ ಭೋಜನಕ್ಕೂ (ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ತಗೊಳ್ಳೋದಕ್ಕೂ) ಏಳುತ್ತಿಲ್ಲ. ಅದೇ ಹೊತ್ತಿಗೆ ನಮ್ಮ ಬೀದಿಯಲ್ಲಿ ಹೊಸದಾಗಿ ಶುರುವಾದ ಒಂದು ಫೆಲೋಶಿಪ್‌ನವರು ನನ್ನ ಚಿಕ್ಕಪ್ಪನ ಮಗನಿಗೆ 'ನಿಂದು ದೀಕ್ಷಾಸ್ನಾನವೇ ಅಲ್ಲ, ಬಾ, ಕೆರೆಯಲ್ಲಿ ಮತ್ತೆ ತಗೋ' ಅಂದಿದ್ದಾರೆ. ಮನೆಯಲ್ಲಿ ದಿನಾ ಜಗಳ.

ಇದರ ಮಧ್ಯೆ ಯೂತ್ ಫೆಲೋಶಿಪ್‌ನಲ್ಲಿ ನಾಲ್ಕು ಭಾನುವಾರ ಸಭೆಯ ಇತಿಹಾಸದ ಬಗ್ಗೆ ಮಾತಾಡು ಅಂತ ನನಗೆ ಹೇಳಿದ್ದಾರೆ. ಕಮಿಟಿಯ ಹಿರಿಯರೊಬ್ಬರು 'ಸತ್ತವರ ಕಥೆ ತಗೊಂಡು ಏನು ಮಾಡ್ತೀಯಾ' ಅಂದರು. ನನಗೂ ಹಾಗೇ ಅನ್ನಿಸಿತ್ತು, ನಿಜ ಹೇಳ್ತೀನಿ. ಆದರೆ ದೊಡ್ಡಮ್ಮನ ಪ್ರಶ್ನೆ ಹಿಂದೆ ಯಾರೂ ಕೇಳೇ ಇಲ್ವಾ? ಗೊತ್ತಿದ್ದವರು ಹೇಳಿ.

ಮಾಜಿ_ಸೆಮಿನರಿ:

ತಮ್ಮಾ, ನಿನ್ನ ದೊಡ್ಡಮ್ಮ ಕೇಳಿದ ಪ್ರಶ್ನೆಗೆ 1700 ವರ್ಷ ವಯಸ್ಸು. ಅದಕ್ಕಾಗಿ ಒಂದು ಇಡೀ ನಾಡಿನ ಸಭೆ ಎರಡು ಹೋಳಾಯಿತು. ಸೆಮಿನರಿಯಲ್ಲಿ ಇದನ್ನು ಪರೀಕ್ಷೆಗೆ ಉರು ಹೊಡೆದಿದ್ದೆ. ಸಭೆಗೆ ಹೋಗಿ ನಿಂತ ಮೇಲೇ ಇದು ಎಷ್ಟು ಹತ್ತಿರದ ವಿಷಯ ಅಂತ ಗೊತ್ತಾಗಿದ್ದು.

ಕ್ರಿ.ಶ. 303. ರೋಮ್ ಚಕ್ರವರ್ತಿ ಡಯೋಕ್ಲೀಷಿಯನ್ ಆಜ್ಞೆ ಹೊರಡಿಸಿದ: ಕ್ರೈಸ್ತರ ಕಟ್ಟಡ ಕೆಡವಿ, ಅವರ ಶಾಸ್ತ್ರಗ್ರಂಥ ಸುಡಿ. ಉತ್ತರ ಆಫ್ರಿಕಾದ ಸಿರ್ಟಾ ಅನ್ನುವ ಊರು, ಇವತ್ತಿನ ಅಲ್ಜೀರಿಯಾದಲ್ಲಿದೆ. ಅಲ್ಲಿ ಅಧಿಕಾರಿಗಳು ಸಭೆ ಸೇರುತ್ತಿದ್ದ ಮನೆಗೆ ನುಗ್ಗಿ ಜಪ್ತಿ ಪಟ್ಟಿ ಬರೆಸಿದರು. ಆ ಪಟ್ಟಿ ಇವತ್ತಿಗೂ ಉಳಿದಿದೆ. 2 ಬಂಗಾರದ ಬಟ್ಟಲು, 6 ಬೆಳ್ಳಿ ಬಟ್ಟಲು, ದೀಪಗಳು, ಹೆಂಗಸರ 82 ಅಂಗಿ, ಗಂಡಸರ 16 ಅಂಗಿ, ಹೆಂಗಸರ 47 ಜೊತೆ ಚಪ್ಪಲಿ. ಬಡವರಿಗೆ ಹಂಚೋಕೆ ಇಟ್ಟಿದ್ದು ಅಂತ ಕಾಣುತ್ತೆ. ನಮ್ಮ ಸಭೆಯ ಸ್ಟೋರ್ ರೂಮ್ ನೆನಪಾಗಲ್ವಾ? ಪುಸ್ತಕ ಕೊಡಿ ಅಂದಾಗ ಒಂದೇ ಒಂದು ದಪ್ಪ ಪುಸ್ತಕ ಹೊರಗೆ ಬಂತು. ಉಳಿದವು ವಾಚಕರ, ಅಂದರೆ ಸಭೆಯಲ್ಲಿ ಶಾಸ್ತ್ರ ಓದುವವರ, ಹತ್ತಿರ ಇವೆ ಅಂದರು. ಅಧಿಕಾರಿಗಳು ಒಬ್ಬೊಬ್ಬರ ಮನೆಗೂ ಹೋಗಿ ತಗೊಂಡರು.

ಪ್ರಾಣಭಯಕ್ಕೆ ಪುಸ್ತಕ ಒಪ್ಪಿಸಿದ ಪಾದ್ರಿಗಳಿದ್ದರು, ಬಿಷಪರೂ ಇದ್ದರು. ಕೆಲವರು ಚಾಲಾಕಿತನ ಮಾಡಿದರು. ಒಬ್ಬ ಬಿಷಪ್ ವೈದ್ಯದ ಪುಸ್ತಕ ಕೊಟ್ಟು ಕಳಿಸಿದ. ಅದೇ ಉತ್ತರ ಆಫ್ರಿಕಾದ ಕಾರ್ಥೇಜ್ ಊರಿನ ಬಿಷಪ್ ಮೆನ್ಸೂರಿಯಸ್ ತಾನು ಪಾಷಂಡಿಗಳ (ತಪ್ಪು ಬೋಧನೆಯವರು ಅಂತ ಸಭೆ ಹೊರಗಿಟ್ಟವರ) ಬರಹಗಳನ್ನು ಇಟ್ಟು ಅವನ್ನೇ ಹೊತ್ತೊಯ್ಯಲು ಬಿಟ್ಟೆ ಅಂತ ಹೇಳಿಕೊಂಡ. ಹಿಂಸೆ ನಿಂತ ಮೇಲೆ, 311-12ರ ಸುಮಾರಿಗೆ, ಕಾರ್ಥೇಜಿಗೆ ಸಿಸಿಲಿಯನ್ ಅನ್ನುವವನು ಬಿಷಪ್ ಆದ. ತಲೆಯ ಮೇಲೆ ಕೈಯಿಟ್ಟು ಅವನನ್ನು ಬಿಷಪ್ ಮಾಡಿದವರಲ್ಲಿ ಫೆಲಿಕ್ಸ್ ಅಂತ ಒಬ್ಬ ಬಿಷಪ್ ಇದ್ದ. 'ಈ ಫೆಲಿಕ್ಸ್ ಪುಸ್ತಕ ಒಪ್ಪಿಸಿದವನು, ಅವನ ಕೈ ಹೊಲಸು, ಅವನು ಕೈಯಿಟ್ಟವನೂ ಬಿಷಪ್ ಅಲ್ಲ, ಇವರು ಕೊಟ್ಟ ದೀಕ್ಷಾಸ್ನಾನವೂ ಅಲ್ಲ' ಅಂತ ಒಂದು ಗುಂಪು ಎದ್ದಿತು. ಅವರಿಗೆ ಡೊನಾಟಿಸ್ಟರು ಅಂತ ಹೆಸರು. ತಮ್ಮ ಕಡೆ ಬಂದವರಿಗೆ ಮತ್ತೆ ದೀಕ್ಷಾಸ್ನಾನ ಕೊಡುತ್ತಿದ್ದರು.

ತಮಾಷೆ ನೋಡು. ಫೆಲಿಕ್ಸ್ ಮೇಲಿನ ಆರೋಪದ ವಿಚಾರಣೆಯೂ ಆಯಿತು. ಅವನ ವಿರುದ್ಧ ತಂದಿದ್ದ ಪತ್ರದಲ್ಲಿ ಯಾರೋ ಆಮೇಲೆ ಸಾಲು ಸೇರಿಸಿದ್ದು ಬಯಲಾಗಿ ಅವನು ನಿರಪರಾಧಿ ಅಂತ ತೀರ್ಪು ಬಂತು. ಅಷ್ಟೊತ್ತಿಗೆ ಜನ ಎರಡು ಪಾಳಯ ಆಗಿಹೋಗಿದ್ದರು. ತೀರ್ಪು ಯಾರಿಗೆ ಬೇಕು? ನಮ್ಮ ಸಭೆಯ ವಾಟ್ಸಾಪ್ ಗುಂಪೇ ಹೀಗೆ ಅಂದುಕೊಂಡಿದ್ದೆ.

ಸುಮಾರು ತೊಂಬತ್ತು ವರ್ಷ ಆದಮೇಲೆ ಹಿಪ್ಪೋ ಊರಿನ ಬಿಷಪ್ ಆಗಸ್ಟೀನ್ ಇದಕ್ಕೆ ಉತ್ತರ ಕೊಟ್ಟ. ದೀಕ್ಷಾಸ್ನಾನ ಕೊಡುವವನು ಕ್ರಿಸ್ತನು, ಪಾದ್ರಿ ಬರೀ ಕೈ. ನೀರು ಕಲ್ಲಿನ ಕಾಲುವೆಯಲ್ಲಿ ಹರಿದು ತೋಟಕ್ಕೆ ಹೋಗುತ್ತೆ. ಕಾಲುವೆಯಲ್ಲಿ ಏನೂ ಬೆಳೆಯಲ್ಲ, ತೋಟ ಬೆಳೆಯುತ್ತೆ. ಈ ಹೋಲಿಕೆ ಅವನದೇ. ದೊಡ್ಡಮ್ಮನಿಗೆ ಇಷ್ಟು ಹೇಳು, ತೋಟ ಮಾಡಿದವರಾದರೆ ಬೇಗ ಹಿಡಿಯುತ್ತೆ.

ಆದರೆ ಇಲ್ಲಿಗೇ ನಿಲ್ಲಿಸಬೇಡ. ಇಂಗ್ಲೆಂಡಿನ ಸಭೆ 1571ರಲ್ಲಿ ಗಟ್ಟಿ ಮಾಡಿದ 39 ವಿಧಿಗಳಲ್ಲಿ 26ನೆಯದು ಇದರ ಬಗ್ಗೆಯೇ ಇದೆ. ಸೇವಕನು (ಪಾದ್ರಿ) ಕೆಟ್ಟವನಾದರೂ ದೀಕ್ಷಾಸ್ನಾನದಂಥ ಸಂಸ್ಕಾರ ಕೆಡುವುದಿಲ್ಲ ಅನ್ನುವುದು ಅದರ ಮೊದಲ ಭಾಗ. ಇದನ್ನು ಎಲ್ಲರೂ ಹೇಳ್ತಾರೆ, ಅದರಲ್ಲೂ ಸಿಕ್ಕಿಬಿದ್ದವರು ಜಾಸ್ತಿ ಹೇಳ್ತಾರೆ. ಎರಡನೆಯ ಭಾಗ ಯಾರ ಬಾಯಲ್ಲೂ ಬರಲ್ಲ: ಅಂಥ ಸೇವಕರ ಬಗ್ಗೆ ವಿಚಾರಣೆ ಆಗಬೇಕು, ತಪ್ಪು ಸಾಬೀತಾದರೆ ಕೆಲಸದಿಂದ ಇಳಿಸಬೇಕು ಅಂತ ಅದೇ ವಿಧಿಯಲ್ಲಿದೆ. ನಿಮ್ಮ ಕಮಿಟಿಯಲ್ಲಿ ಓದಿ ಹೇಳಬೇಕಾದ್ದು ಅದನ್ನ.

ವಾಕ್ಯ_ಮಾತ್ರ:

ಬ್ರದರ್, ಸತ್ಯವೇದ ಕೈಯಲ್ಲಿರುವಾಗ ಆಗಸ್ಟೀನ್ ಯಾಕೆ, 39 ವಿಧಿ ಯಾಕೆ? ನಾನೂ ಒಂದು ಫೆಲೋಶಿಪ್‌ನವನೇ. ನಾವೂ ಕೆರೆಯಲ್ಲೇ ಕೊಡ್ತೀವಿ. ನಮ್ಮ ತಕರಾರು ಆ ಪಾಸ್ಟರ್ ಕಳ್ಳ ಅಂತ ಇಲ್ಲವೇ ಇಲ್ಲ. ನಂಬಿದವನು ತಾನೇ ಬಾಯಿಬಿಟ್ಟು ಒಪ್ಪಿಕೊಂಡು ನೀರಿಗಿಳಿಯಬೇಕು. ತೊಟ್ಟಿಲ ಕೂಸು ಏನು ಒಪ್ಪಿಕೊಳ್ಳುತ್ತೆ? ನಿಮ್ಮ ಪಾಸ್ಟರ್ ದೇವದೂತ ಆಗಿದ್ದರೂ ನಾನು ಇದೇ ಹೇಳ್ತಿದ್ದೆ.

ಇನ್ನು ಇತಿಹಾಸ. ನಿಮ್ಮ ಆಗಸ್ಟೀನ್ ಆ ಡೊನಾಟಿಸ್ಟರನ್ನು ಏನು ಮಾಡಿಸಿದ ಅಂತಲೂ ಹೇಳಿ ಸ್ವಾಮಿ, ಅರ್ಧ ಕಥೆ ಯಾಕೆ?

ಮಾಜಿ_ಸೆಮಿನರಿ:

ಕೇಳಿದ್ದು ಸರಿ. ಬಿಟ್ಟಿದ್ದು ನನ್ನ ತಪ್ಪು. 411ರಲ್ಲಿ ಕಾರ್ಥೇಜಿನಲ್ಲಿ ಒಂದೊಂದು ಕಡೆಯಿಂದಲೂ ಸುಮಾರು 280 ಬಿಷಪರು ಎದುರುಬದುರು ಸೇರಿದರು. ತೀರ್ಪು ಕೊಟ್ಟವನು ಚಕ್ರವರ್ತಿ ಕಳಿಸಿದ ಅಧಿಕಾರಿ. ಡೊನಾಟಿಸ್ಟರು ಸೋತರು, ಮರುವರ್ಷ ಅವರ ಮೇಲೆ ದಂಡ ಹೇರುವ ಕಾನೂನು ಬಂತು. ಮೊದಮೊದಲು ಬಲವಂತ ಬೇಡ ಅನ್ನುತ್ತಿದ್ದ ಆಗಸ್ಟೀನ್ ಆಮೇಲೆ ಲೂಕ 14ನೇ ಅಧ್ಯಾಯದ ಔತಣದ ಸಾಮ್ಯ ಹಿಡಿದುಕೊಂಡು, ಬಲವಂತ ಮಾಡಿಯಾದರೂ ಒಳಗೆ ಕರೆತರಬಹುದು ಅಂದ. ಆ ಮಾತನ್ನು ಮುಂದಿನವರು ಎಷ್ಟು ಕೆಟ್ಟದಕ್ಕೆ ಬಳಸಿದರು ಅಂದರೆ ಹೇಳೋಕೆ ನಾಚಿಕೆ ಆಗುತ್ತೆ. ಕಾಲುವೆಯ ಮಾತು ಹೇಳಿದವನೂ ಅವನೇ, ಇದನ್ನು ಹೇಳಿದವನೂ ಅವನೇ.

ಆದರೆ ವಾಕ್ಯ ಬ್ರದರ್, ನಿಮಗೂ ಒಂದು ಇತಿಹಾಸ ಇದೆ. 1525ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಕೆಲವರು ನಿಮ್ಮ ಹಾಗೇ ಯೋಚಿಸಿ ದೊಡ್ಡವರಾದ ಮೇಲೆ ಮತ್ತೆ ದೀಕ್ಷಾಸ್ನಾನ ತಗೊಂಡರು. 1527ರ ಜನವರಿಯಲ್ಲಿ ಅವರಲ್ಲಿ ಫೆಲಿಕ್ಸ್ ಮಾಂಟ್ಸ್ ಅನ್ನುವವನನ್ನು ಕೈಕಾಲು ಕಟ್ಟಿ ಲಿಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ಕೊಂದದ್ದು ಪೋಪನ ಕಡೆಯವರಲ್ಲ, ಸುಧಾರಣೆ ಒಪ್ಪಿಕೊಂಡು ಪ್ರೊಟೆಸ್ಟಂಟ್ ಆಗಿದ್ದ ನಗರಸಭೆ. 'ನೀರು ಬೇಕಲ್ವಾ, ತಗೋ ನೀರು' ಅನ್ನುವ ಥರದ ಶಿಕ್ಷೆ. ಲೂಥರನ್ ಕಡೆಯವರೂ ಇಂಥವರನ್ನು ಬಿಡಲಿಲ್ಲ. 2010ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಲೂಥರನ್ ವರ್ಲ್ಡ್ ಫೆಡರೇಶನ್ ಆ ಪರಂಪರೆಯ ಮೆನ್ನೊನೈಟರ ಹತ್ತಿರ ಅಧಿಕೃತವಾಗಿ ಕ್ಷಮೆ ಕೇಳಿತು. ಇದು ಗೊತ್ತಿದ್ದರೆ ನಮ್ಮವರು ನಿಮ್ಮನ್ನು 'ಕೆರೆ ಪಾರ್ಟಿ' ಅಂತ ಆಡಿಕೊಳ್ಳೋ ಮುಂಚೆ ಒಂದು ಸಲ ಬಾಯಿ ಮುಚ್ಕೋತಾರೆ.

ಹಿಂದಿನ ಬೆಂಚು ತಮ್ಮಾ, ಗಮನಿಸು. ನಿಮ್ಮ ಮನೆಯಲ್ಲಿ ಎರಡು ಜಗಳ ಒಂದಾಗಿ ಕಲಸಿಹೋಗಿದೆ. ದೊಡ್ಡಮ್ಮನದು ಕಾರ್ಥೇಜಿನ ಜಗಳ, ಚಿಕ್ಕಪ್ಪನ ಮಗನದು ಜ್ಯೂರಿಕ್ ಜಗಳ. ಒಂದರ ಉತ್ತರ ಇನ್ನೊಂದಕ್ಕೆ ಕೊಟ್ಟರೆ ಮುಗಿಯೋದೇ ಇಲ್ಲ.

ಹಳೇ_ಹೆಂಚು:

ಮಂಗಳೂರಿನಿಂದ. ಎಪ್ಪತ್ತು ದಾಟಿದೆ, ಟೈಪ್ ಮಾಡುವುದು ನಿಧಾನ.

ಆಫ್ರಿಕಾ, ಜ್ಯೂರಿಕ್ ಎಲ್ಲ ಆಯಿತು. ನಾಲ್ಕು ಭಾನುವಾರದಲ್ಲಿ ಒಂದನ್ನಾದರೂ ನಮ್ಮ ನೆಲಕ್ಕೆ ಇಡಿ ಮಾರಾಯ್ರೆ. ನಮ್ಮ ಹಳೇ ಮನೆಯ ಮಾಡಿನಿಂದ ಇಳಿಸಿದ ಒಂದು ಹೆಂಚು ಇಟ್ಟುಕೊಂಡಿದ್ದೇನೆ. ಹಿಂಭಾಗದಲ್ಲಿ ಬಾಸೆಲ್ ಮಿಶನ್, 1865 ಎಂದು ಅಚ್ಚು ಇದೆ. ನನ್ನ ಅಜ್ಜ ಜೆಪ್ಪುವಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಮಕ್ಕಳ ಕೈಗೆ ಆ ಹೆಂಚು ಕೊಟ್ಟು, ಸಭೆಗೂ ಹೆಂಚಿಗೂ ಏನು ಸಂಬಂಧ ಹೇಳಿ ಅಂತ ಕೇಳುತ್ತೇನೆ. ಒಬ್ಬರಿಗೂ ಬರುವುದಿಲ್ಲ.

ಸಂಬಂಧ ಇಷ್ಟೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಸಭೆಗೆ ಸೇರಿದವರಲ್ಲಿ ಬಿಲ್ಲವರು ಜಾಸ್ತಿ. ಜಾತಿ ಬಿಡಬೇಕು ಎಂದು ಮಿಶನರಿಗಳ ಹಟ. ಕಳ್ಳು ಇಳಿಸುವ ಕೆಲಸವೂ ಕೂಡದು ಎಂದರು. ಜಾತಿಯವರು ಹೊರಗೆ ಹಾಕಿದರು, ಕಸುಬೂ ಹೋಯಿತು. ಊಟಕ್ಕೆ? ಆಗ ಮಗ್ಗ ಬಂತು, ಹೆಂಚಿನ ಕಾರ್ಖಾನೆ ಬಂತು. ಈಗ ಕೆಲವರು 'ಹೊಟ್ಟೆಗಾಗಿ ಸೇರಿದವರು' ಎಂದು ಚುಚ್ಚುತ್ತಾರಲ್ಲ, ಅವರಿಗೆ ಈ ಕ್ರಮ ಗೊತ್ತಿಲ್ಲ. ನಮ್ಮ ಹಿರಿಯರು ಮೊದಲು ಹೊಟ್ಟೆಪಾಡು ಕಳೆದುಕೊಂಡರು, ಕಾರ್ಖಾನೆ ಬಂದದ್ದು ಆಮೇಲೆ. ಹಾಗೆಂದು ಮಿಶನ್ ಎಲ್ಲ ಸರಿ ಮಾಡಿತು ಎಂದೂ ಹೇಳುವುದಿಲ್ಲ. ಪಾಸ್ಟರೂ ಅವರೇ, ಧಣಿಯೂ ಅವರೇ ಆದರೆ ಬಡವ ಯಾರ ಹತ್ತಿರ ದೂರು ಹೇಳಬೇಕು?

ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳನ್ನು ಬ್ರಿಟಿಷರು ಹಿಡಿದಿಟ್ಟರು, ಕಾರ್ಖಾನೆಗಳು ಬೇರೆ ಟ್ರಸ್ಟಿನ ಕೈಗೆ ಹೋದವು. ಸಭೆ ನಡೆಸುವ ಭಾರ ಊರಿನವರ ಹೆಗಲಿಗೆ ಬಿತ್ತು. ಲೆಕ್ಕ ಕೇಳುವುದು, ಕಮಿಟಿ ಎದುರು ನಿಂತು ಮಾತಾಡುವುದು, ಇದಕ್ಕೆಲ್ಲ ನಮಗೆ ಅಭ್ಯಾಸ ಇರಲಿಲ್ಲ. ಈಗಲೂ ಪಾಸ್ಟರ್ ಎದುರು ಲೆಕ್ಕ ಕೇಳಿದರೆ ದೇವರನ್ನೇ ಪ್ರಶ್ನೆ ಮಾಡಿದ ಹಾಗೆ ಮುಖ ಮಾಡುವವರಿದ್ದಾರೆ. ನಿಮ್ಮ ಸಭೆಯ ತೂತು ಒಂದೇ ದಿನದಲ್ಲಿ ಆದದ್ದಲ್ಲ ಮಗಾ.

ಇಗರ್ಜಿ_ಗಂಟೆ:

ನಾನು ಕ್ಯಾಥೊಲಿಕ್, ಯಜಮಾನರು ಸಿಎಸ್‌ಐ (ದಕ್ಷಿಣ ಭಾರತ ಸಭೆ, ಪ್ರೊಟೆಸ್ಟಂಟ್). ಮದುವೆ ಮುಂಚೆ ನಮ್ಮ ಫಾದರ್ ಅವರಿಗೆ ಮತ್ತೆ ಜ್ಞಾನಸ್ನಾನ (ನೀವು ದೀಕ್ಷಾಸ್ನಾನ ಅನ್ನೋದನ್ನೇ ನಾವು ಹಾಗೆ ಕರೆಯೋದು) ಮಾಡಿಸ್ತಾರೇನೋ ಅಂತ ನಮ್ಮತ್ತೆ ಮುಖ ಊದಿಸಿಕೊಂಡಿದ್ದರು. ಫಾದರ್ ಕೇಳಿದ್ದು ಸರ್ಟಿಫಿಕೇಟ್ ಮಾತ್ರ. ನೀರು ಹಾಕಿ ಪಿತ, ಸುತ, ಪವಿತ್ರಾತ್ಮರ ಹೆಸರಲ್ಲಿ ಮಾಡಿದ್ದರೆ ಮುಗೀತು, ಎರಡನೇ ಸಲ ಇಲ್ಲ ಅಂದರು. ಅತ್ತೆ ಅವತ್ತು ಫಾದರ್‌ಗೆ ಎರಡು ಲೋಟ ಕಾಫಿ ಕೊಟ್ಟರು!

ಈ ನಿಯಮ ಡೊನಾಟಿಸ್ಟರಿಗಿಂತ ಹಳೇದಂತೆ. 255-256ರಲ್ಲೇ ರೋಮಿನ ಬಿಷಪ್ ಸ್ಟೀಫನ್‌ಗೂ ಕಾರ್ಥೇಜಿನ ಬಿಷಪ್ ಸಿಪ್ರಿಯನ್‌ಗೂ ಇದೇ ಜಗಳ. ಪಾಷಂಡಿಗಳು ಕೊಟ್ಟಿದ್ದು ನಡೆಯಲ್ಲ, ಮತ್ತೆ ಕೊಡಬೇಕು ಅಂದವನು ಸಿಪ್ರಿಯನ್. ಅವನನ್ನು ಸಂತ ಅಂತ ಗೌರವಿಸ್ತೀವಿ, ಈ ಮಾತನ್ನು ಮಾತ್ರ ಒಪ್ಪಲಿಲ್ಲ.

ಹಿಂದಿನ_ಬೆಂಚು:

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ದೊಡ್ಡಮ್ಮನಿಗೆ ಕಾಲುವೆ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಸರಿ, ತೋಟಕ್ಕೆ ನೀರು ಬಂತು. ಆ ಕಾಲುವೆ ಒಡೆದಿದೆಯಲ್ಲಾ, ಅದನ್ನು ಯಾರು ರಿಪೇರಿ ಮಾಡ್ತಾರೆ?' ಅಂದರು. ನಾನು ಆ 26ನೇ ವಿಧಿಯ ಎರಡನೇ ಭಾಗ ಓದಿ ಹೇಳಿದೆ. 'ಅದನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಡು' ಅಂದಿದ್ದಾರೆ. ಮುಂದಿನ ವಾರ್ಷಿಕ ಸಭೆಗೆ ತಗೊಂಡು ಹೋಗ್ತಾರಂತೆ. ಕಮಿಟಿಯವರ ಗತಿ ದೇವರಿಗೇ ಗೊತ್ತು.

ಮೊದಲ ಭಾನುವಾರ ಸಿರ್ಟಾದ ಪಟ್ಟಿ ಓದುವುದು ಅಂತ ಮಾಡಿದೀನಿ. ಹೆಂಚಿನ ಅಜ್ಜಾ, ನಿಮ್ಮ ಹೆಂಚಿನ ಒಂದು ಫೋಟೋ ಹಾಕ್ತೀರಾ? ಅಚ್ಚು ಇರೋ ಕಡೆಯಿಂದ.