ಕಬ್ಬಿಣ ಜಾಸ್ತಿ ಆದರೆ ಭತ್ತದ ಎಲೆ ಯಾಕೆ ಕಂದುತ್ತದೆ?

ಪ್ರಶ್ನೆ (ಮಲೇಬೆನ್ನೂರು ಕಡೆಯ ರೈತರು): ಮೇಡಂ, ನಮಸ್ಕಾರ. ಭದ್ರಾ ನಾಲೆ ನೀರಿನ ಗದ್ದೆ, ಬೇಸಿಗೆ ಭತ್ತ. ನಾಟಿ ಮಾಡಿ ಒಂದು ತಿಂಗಳಾಯಿತು. ತಗ್ಗಿನ ಮಡಿಯಲ್ಲಿ ಮಾತ್ರ ಪೈರು ಏಳುತ್ತಿಲ್ಲ. ಕೆಳಗಿನ ಎಲೆಗಳ ತುದಿಯಲ್ಲಿ ಸಣ್ಣ ಕಂದು ಚುಕ್ಕೆ ಶುರುವಾಗಿ, ಈಗ ಎಲೆಯೆಲ್ಲ ತುಕ್ಕು ಬಣ್ಣ. ಗೊಬ್ಬರದ ಅಂಗಡಿಯವರು ಕಬ್ಬಿಣದ ಕೊರತೆ, ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಹೊಡೆಯಿರಿ ಅಂದರು. ಹೊಡೆಯಲಾ?

ಉತ್ತರ (ಮಣ್ಣು ತಜ್ಞೆ): ದಯವಿಟ್ಟು ಬೇಡ. ಕಬ್ಬಿಣ ಕಡಿಮೆಯಾದರೆ ಮೊದಲು ಹೊಸ ಎಲೆ ಹಳದಿಯಾಗುತ್ತದೆ, ನರ ಹಸಿರಾಗೇ ಇರುತ್ತದೆ. ನಿಮ್ಮಲ್ಲಿ ಹಳೆ ಎಲೆ ಕೆಟ್ಟಿದೆ. ಇದು ಕಬ್ಬಿಣ ಜಾಸ್ತಿಯಾದ ಲಕ್ಷಣ ಇರಬಹುದು. ಸತುವಿನ ಕೊರತೆಯಲ್ಲೂ ಕೆಳಗಿನ ಎಲೆ ಕಂದಾಗುತ್ತದೆ, ನಮ್ಮ ಎರೆ ಮಣ್ಣಿನಲ್ಲಿ ಅದೇ ಜಾಸ್ತಿ. ಹಾಗಾಗಿ ಒಂದು ಬುಡ ಕಿತ್ತು ಬೇರು ನೋಡಿ. ನೀರಿನ ಮೇಲೆ ಎಣ್ಣೆಯಂಥ ಪೊರೆ ಇದ್ದರೆ ಕಡ್ಡಿಯಿಂದ ಮುಟ್ಟಿ. ಚೂರುಚೂರಾಗಿ ಒಡೆದರೆ ಕಬ್ಬಿಣದ್ದು. ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ.

ರೈತರು: ನೋಡಿದೆ ಮೇಡಂ. ಪೊರೆ ಒಡೆಯಿತು. ಬೇರಿಗೆ ತುಕ್ಕು ಮೆತ್ತಿದ ಹಾಗಿದೆ. ಕೆಂಪು ಮಣ್ಣು, ಮೇಲಿನ ಗದ್ದೆಗಳ ನೀರೆಲ್ಲ ಇಲ್ಲಿಗೇ ಬಸಿಯುತ್ತದೆ.

ಚಿತ್ರದುರ್ಗದ ಬಿ.ಎಸ್ಸಿ. ವಿದ್ಯಾರ್ಥಿನಿ: ಮೇಡಂ, ಎಲೆ ಹಸಿರಾಗೋಕೆ ಕಬ್ಬಿಣ ಬೇಕೇ ಬೇಕು ಅಲ್ವಾ? ಜಾಸ್ತಿಯಾದರೆ ತೊಂದರೆ ಏನು?

ಉತ್ತರ: ಬೇಕಮ್ಮ. ಎಲೆಯಲ್ಲಿರುವ ಕಬ್ಬಿಣದ ಬಹುಪಾಲು ಹರಿತ್ಕಣಗಳಲ್ಲೇ, ಅಂದರೆ ಬಿಸಿಲಿನಿಂದ ಸಕ್ಕರೆ ಮಾಡುವ ಹಸಿರು ಕಣಗಳಲ್ಲೇ, ಇರುತ್ತದೆ. ಬಿಸಿಲಿನ ಶಕ್ತಿ ಪಡೆದ ಎಲೆಕ್ಟ್ರಾನ್‌ಗಳು ಸಾಗುವುದೇ ಕಬ್ಬಿಣ ಹೊತ್ತ ಪ್ರೋಟೀನ್‌ಗಳ ಮೂಲಕ. ಹೆಚ್ಚಾದದ್ದನ್ನು ಗಿಡ ಫೆರಿಟಿನ್ ಎಂಬ ಪ್ರೋಟೀನಿನೊಳಗೆ ಕೂಡಿಡುತ್ತದೆ. ಅದನ್ನೂ ಮೀರಿದರೆ ಕಬ್ಬಿಣ ಬಿಡಿಯಾಗಿ ಉಳಿಯುತ್ತದೆ. ಕಷ್ಟ ಶುರುವಾಗುವುದು ಅಲ್ಲೇ.

ಬಿಸಿಲಿದ್ದಾಗ ಹರಿತ್ಕಣದಲ್ಲಿ ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತಲೇ ಇರುತ್ತದೆ. ಬಿಡಿ ಕಬ್ಬಿಣ ಅದಕ್ಕೆ ಸಿಕ್ಕರೆ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. ಈ ಅತಿ ಚುರುಕಿನ ಕಣ ಕೈಗೆ ಸಿಕ್ಕಿದ್ದನ್ನೆಲ್ಲ ಹರಿದುಹಾಕುತ್ತದೆ. ಹರಿತ್ಕಣದ ಒಳಪೊರೆಯಾದ ಥೈಲಕಾಯ್ಡ್‌ನ ಕೊಬ್ಬು, ಅದರಲ್ಲಿ ಬೆಳಕು ಹಿಡಿಯುವ ಫೋಟೋಸಿಸ್ಟಮ್ 2ರ ಪ್ರೋಟೀನ್, ಹಸಿರು ಬಣ್ಣ, ಯಾವುದೂ ಉಳಿಯುವುದಿಲ್ಲ. ಕಂದು ಚುಕ್ಕೆ ಅಂದರೆ ಅಲ್ಲಿ ಜೀವಕೋಶ ಸತ್ತಿದೆ ಅಂತ.

ನನಗೆ ಇದಕ್ಕಿಂತ ಆತಂಕ ಇನ್ನೊಂದು. ಎಲೆ ಸಕ್ಕರೆ ಮಾಡುವುದು ಕಡಿಮೆಯಾದರೆ ಬೇರು ಸೊರಗುತ್ತದೆ. ಭತ್ತದ ಬೇರು ಆಮ್ಲಜನಕ ಹೊರಬಿಟ್ಟು ಕಬ್ಬಿಣವನ್ನು ಹೊರಗೇ ತುಕ್ಕಾಗಿಸಿ ತಡೆಯುತ್ತದೆ. ರೈತರೇ, ನೀವು ಬೇರಿನ ಮೇಲೆ ಕಂಡ ತುಕ್ಕು ಅದೇ. ಸೊರಗಿದ ಬೇರಿಗೆ ಆ ಶಕ್ತಿ ಇರುವುದಿಲ್ಲ, ಇನ್ನಷ್ಟು ಕಬ್ಬಿಣ ಒಳಗೆ ಬರುತ್ತದೆ.

ರೈತರು: ಹಾಗಾದರೆ ನೀರು ಬಸಿಯಬೇಕಾ? ಬಿಟ್ಟ ಮೇಲೆ ನಾಲೆ ನೀರು ಸಿಗದಿದ್ದರೆ?

ಉತ್ತರ: ಬಸಿಯಲೇಬೇಕು. ನೀರು ನಿಂತು ಗಾಳಿಯಿಲ್ಲದಾಗಲೇ ಕಬ್ಬಿಣ ಕರಗಿ ಬೇರಿಗೆ ಬರುವುದು. ನಿಮ್ಮ ಸರದಿಗೆ ಕೆಲವು ದಿನ ಮುಂಚೆ ಬಸಿಯಿರಿ. ಕೂದಲೆಳೆಯಷ್ಟು ಬಿರುಕು ಕಂಡರೆ ಸಾಕು, ಮತ್ತೆ ನೀರು ಕಟ್ಟಿ. ಮೇಲಿನ ಬಸಿನೀರು ಬಾರದ ಹಾಗೆ ಬದುವಿನ ಪಕ್ಕ ಬಸಿಗಾಲುವೆ ತೆಗೆಯಿರಿ. ಪೊಟ್ಯಾಷ್ ಕೊಟ್ಟಿಲ್ಲದಿದ್ದರೆ ಕೊಡಿ, ಬೇರಿಗೆ ಬಲ ಬರುತ್ತದೆ. ಸುಮ್ನೆ ಯೂರಿಯಾ ಸುರಿಯಬೇಡಿ. ಸುಣ್ಣ, ಸತು ಬೇಕೋ ಬೇಡವೋ ಅನ್ನುವುದು ಮಣ್ಣು ಪರೀಕ್ಷೆ ಆದ ಮೇಲೆ. ತಗ್ಗಿನ ಮಡಿಯ ಮಣ್ಣನ್ನು ಬೇರೆ ಚೀಲದಲ್ಲೇ ಕೊಡಿ, ಮೇಲಿನ ಗದ್ದೆಯದರ ಜೊತೆ ಬೆರೆಸಬೇಡಿ.